ಕೈಯಾರೆ ಮಾಡಿದ ವಾದ್ಯಕ್ಕೆ ಹೆಸರು ಹಾಕುವುದು: ಲೇಬಲ್, ಸಹಿ, ಮುದ್ರೆ

ನಾನು ಮಾಡಿದ ಮೊದಲ ಗಿಟಾರ್‌ನ ಒಳಗೆ ಅಂಟಿಸಿದ ಹೆಸರಿನ ಚೀಟಿ, ಅಂದರೆ ಲೇಬಲ್, ಈಗ ಓದಲು ಬರುವುದಿಲ್ಲ. ಕಾಗದ ಚೆನ್ನಾಗಿಯೇ ಇತ್ತು. ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದ ನೀಲಿ ಅಂಚು, ಕೆಳಗೆ ಜೆಲ್ ಪೆನ್ನಿನಲ್ಲಿ ಉದ್ದನೆಯ ಸಹಿ. ಅಂಟು ಹಚ್ಚಿ ಎರಡು ನಿಮಿಷವೂ ಆಗಿರಲಿಲ್ಲ, ಅಂಚಿನ ನೀಲಿ ಒಸರಿಕೊಂಡು ಅಕ್ಷರದ ಮೇಲೆ ಹರಿಯಿತು. ಒರೆಸಲು ಹೋಗಿ ಇನ್ನಷ್ಟು ಕೆಡಿಸಿದೆ. ಆರು ವರ್ಷ ಕಳೆದು ಅದೇ ಗಿಟಾರ್ ರಿಪೇರಿಗೆ ಬಂತು. ಟಾರ್ಚ್ ಹಿಡಿದು ಒಳಗೆ ನೋಡಿದರೆ ಸಹಿ ಇದ್ದ ಜಾಗದಲ್ಲಿ ಮಾಸಲು ಗೆರೆಯ ನೆರಳು ಮಾತ್ರ. ಅದನ್ನು ಯಾವ ಇಸವಿಯಲ್ಲಿ ಮುಗಿಸಿದೆ ಅನ್ನುವುದು ನನಗೇ ನೆನಪಿರಲಿಲ್ಲ. ಎಲ್ಲೂ ಬರೆದೂ ಇಟ್ಟಿರಲಿಲ್ಲ.

ಆಮೇಲಿಂದ ಲೇಬಲ್ ವಿಷಯದಲ್ಲಿ ನನ್ನ ಲೆಕ್ಕ ಬದಲಾಯಿತು. ಕೊಳ್ಳುವವರು ಅದನ್ನು ಒಂದು ಸಲ ನೋಡಿ ಖುಷಿಪಡುತ್ತಾರೆ, ಅಷ್ಟೇ. ಅದನ್ನು ನಿಜವಾಗಿ ಓದುವವರು ರಿಪೇರಿ ಮಾಡುವವರು. ಮೂವತ್ತು, ಐವತ್ತು ವರ್ಷ ಆದಮೇಲೆ ಕನ್ನಡಿ, ಬೆಳಕು ಹಿಡಿದು ಒಳಗೆ ಇಣುಕಿ ‘ಇದನ್ನು ಯಾರು ಮಾಡಿದರು, ಯಾವಾಗ ಮಾಡಿದರು’ ಎಂದು ಹುಡುಕುವವರು. ಆ ಮನುಷ್ಯನನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕಾಗದ, ಶಾಯಿ, ಅಂಟು, ಜಾಗ ಎಲ್ಲದಕ್ಕೂ ಉತ್ತರ ಸಿಗುತ್ತಾ ಹೋಗುತ್ತದೆ.

ಹಳೆಯ ಲೇಬಲ್‌ಗಳು ಕಲಿಸುವುದು

ಇಟಲಿಯ ಕ್ರೆಮೋನಾದ ಆಂಟೋನಿಯೊ ಸ್ಟ್ರಾಡಿವರಿ ತನ್ನ ಪಿಟೀಲುಗಳಲ್ಲಿ ಅಂಟಿಸುತ್ತಿದ್ದದ್ದು ತೀರಾ ಸರಳವಾದ ಚೀಟಿ. ಲ್ಯಾಟಿನ್‌ನಲ್ಲಿ ಹೆಸರು, ಊರು, ‘ಮಾಡಿದ ವರ್ಷ’ ಎಂಬ ಮಾತು. ಇಸವಿಯ ಮೊದಲ ಭಾಗ ಅಚ್ಚಿನಲ್ಲಿ, ಉಳಿದದ್ದು ಕೈಬರಹದಲ್ಲಿ. ಕೊನೆಗಾಲದ ಕೆಲವು ಲೇಬಲ್‌ಗಳಲ್ಲಿ ತನ್ನ ವಯಸ್ಸನ್ನೂ ಬರೆದ. ಆತ 1644ರ ಸುಮಾರಿಗೆ ಹುಟ್ಟಿರಬೇಕು ಎಂಬ ಲೆಕ್ಕ ಹುಟ್ಟಿದ್ದೇ ಆ ಚೀಟಿಗಳಿಂದ. ಮುದುಕನೊಬ್ಬ ಸುಮ್ನೆ ಗೀಚಿದ ಎರಡು ಅಂಕಿ ನೋಡಿ! ಅದೇ ಊರಿನ ಜುಸೆಪ್ಪೆ ಗ್ವಾರ್ನೆರಿ ಲೇಬಲ್ ಮೇಲೆ ಶಿಲುಬೆಯನ್ನೂ ಏಸುವಿನ ಹೆಸರಿನ ಮೂರಕ್ಷರವನ್ನೂ ಹಾಕುತ್ತಿದ್ದ. ‘ದೆಲ್ ಜೆಸು’ ಎಂಬ ಅಡ್ಡಹೆಸರು ಅಂಟಿಕೊಂಡಿದ್ದು ಅದರಿಂದಲೇ. ಒಂದೇ ಮನೆತನದಲ್ಲಿ ಹಲವರು ಪಿಟೀಲು ಮಾಡುತ್ತಿದ್ದಾಗ ಆ ಗುರುತು ಇವನನ್ನು ಬೇರೆ ಮಾಡಿ ತೋರಿಸಿತು.

ಇನ್ನೊಂದು ಮುಖವೂ ಇದೆ. 19ನೇ ಶತಮಾನದಲ್ಲಿ ಜರ್ಮನಿ, ಬೊಹೀಮಿಯಾ (ಈಗಿನ ಜೆಕ್ ದೇಶದ ಭಾಗ), ಫ್ರಾನ್ಸಿನ ಕಾರ್ಯಾಗಾರಗಳು ಸಾವಿರಗಟ್ಟಲೆ ಪಿಟೀಲುಗಳಿಗೆ ಸ್ಟ್ರಾಡಿವರಿಯ ಲೇಬಲ್ಲನ್ನೇ ಅಂಟಿಸಿದವು. ‘ಈ ಮಾದರಿಯದು’ ಎಂಬುದು ಆಗಿನ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿದ್ದ ಅರ್ಥ. ಮೂರು ತಲೆಮಾರು ಕಳೆದ ಮೇಲೆ ಆ ಅರ್ಥ ಮರೆತುಹೋಯಿತು, ಚೀಟಿ ಮಾತ್ರ ಉಳಿಯಿತು. ಅಟ್ಟದಲ್ಲಿ ಸಿಕ್ಕ ಅಜ್ಜನ ಪಿಟೀಲು ಹಿಡಿದುಕೊಂಡು ಈಗಲೂ ಜನ ಆಸೆಯಿಂದ ಬರುತ್ತಾರೆ. ಅಮೆರಿಕದ ಮ್ಯಾಕಿನ್ಲಿ ಸುಂಕ ಕಾಯ್ದೆ ಬಂದದ್ದು 1890ರಲ್ಲಿ. ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರು ಇಂಗ್ಲಿಷಿನಲ್ಲಿ ಇರಬೇಕು ಎಂದು ಅದು ಕಡ್ಡಾಯ ಮಾಡಿತು. ಹಾಗಾಗಿ ಸ್ಟ್ರಾಡಿವರಿಯ ಹೆಸರಿನ ಕೆಳಗೆ ‘ಜರ್ಮನಿ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದ್ದರೆ ಅದು ಆ ಕಾಯ್ದೆಯ ನಂತರದ್ದು, ಮುಂದೆ ಓದುವ ಅಗತ್ಯವೇ ಇಲ್ಲ.

ನಮಗೆ ಇದರಿಂದ ಬೇಕಾದದ್ದು ಇಷ್ಟು: ನೀವು ಹಳೆಯ ತಯಾರಕರೊಬ್ಬರ ನಕ್ಷೆ ಇಟ್ಟುಕೊಂಡು ಮಾಡಿದ್ದರೆ ನಿಮ್ಮ ಹೆಸರನ್ನು ದೊಡ್ಡದಾಗಿ ಹಾಕಿ, ಕೆಳಗೆ ‘ಇಂಥವರ ಮಾದರಿ’ ಎಂದು ಚಿಕ್ಕದಾಗಿ ಬರೆಯಿರಿ. ತಿರುಗಾಮುರುಗಾ ಮಾಡಬೇಡಿ.

ಏನು ಬರೆಯಬೇಕು

ನಾಲ್ಕು ಸಂಗತಿ ಸಾಕು. ಮಾಡಿದವರ ಹೆಸರು, ಮಾಡಿದ ಊರು, ಇಸವಿ, ನಂಬರು. ಸಹಿ ಐದನೆಯದು.

ಹೆಸರನ್ನು ಎಲ್ಲ ವಾದ್ಯದಲ್ಲೂ ಒಂದೇ ಥರ ಬರೆಯಿರಿ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಪೂರ್ತಿ ಹೆಸರು, ಮತ್ತೊಂದರಲ್ಲಿ ವರ್ಕ್‌ಶಾಪಿನ ಹೆಸರು ಅಂತಾದರೆ ಮುಂದೆ ಹುಡುಕುವವರಿಗೆ ಇವರು ಮೂರು ಜನ. ನಿಮ್ಮ ಲಿಪಿಯಲ್ಲಿ ಬರೆದು, ಹೆಸರು ಮತ್ತು ಊರನ್ನು ಮಾತ್ರ ಇನ್ನೊಂದು ಲಿಪಿಯಲ್ಲೂ ಬರೆದರೆ ಒಳ್ಳೆಯದು. ವಾದ್ಯಗಳು ಊರೂರು ಸುತ್ತುತ್ತವೆ.

ಇಸವಿ ಅಂದರೆ ಯಾವ ಇಸವಿ? ಇದು ಕೇಳಲು ಸಣ್ಣ ಪ್ರಶ್ನೆ. ಮರ ಕೊಯ್ದಿದ್ದು ಹತ್ತು ವರ್ಷದ ಹಿಂದೆ, ಪೆಟ್ಟಿಗೆ (ವಾದ್ಯದ ಪೊಳ್ಳು ಮೈ) ಮುಚ್ಚಿದ್ದು ಹೋದ ನವೆಂಬರ್, ವಾರ್ನಿಷ್ ಮುಗಿದದ್ದು ಈ ಮಾರ್ಚ್. ನಾನು ಮೊದಲ ಸಲ ತಂತಿ ಏರಿಸುವ ವರ್ಷವನ್ನು ಹಾಕುತ್ತೇನೆ. ಅವತ್ತಿನವರೆಗೆ ಅದು ಮರಗೆಲಸ, ಅವತ್ತಿಂದ ವಾದ್ಯ. ಆದರೆ ಇದರಲ್ಲೊಂದು ತೊಡಕಿದೆ. ಲೇಬಲ್ ಅಂಟಿಸುವುದು ಪೆಟ್ಟಿಗೆ ಮುಚ್ಚುವ ಮೊದಲು, ತಂತಿ ಏರಿಸುವುದು ತಿಂಗಳುಗಳ ನಂತರ. ಗಿಟಾರ್‌ನಂಥ ದೊಡ್ಡ ಕಿಂಡಿಯ ವಾದ್ಯವಾದರೆ ತೊಂದರೆಯಿಲ್ಲ, ಕೈ ಒಳಗೆ ಹೋಗುತ್ತದೆ, ಕೊನೆಗೂ ಅಂಟಿಸಬಹುದು. ಪಿಟೀಲಿನಲ್ಲಿ ಆಗದು. ಅಲ್ಲಿ ಪೆಟ್ಟಿಗೆ ಮುಚ್ಚಿದ ವರ್ಷವನ್ನೇ ಬರೆಯಿರಿ, ನಿಮ್ಮ ದಾಖಲೆ ಪುಸ್ತಕದಲ್ಲಿ ಎರಡನ್ನೂ ಬರೆದಿಡಿ.

ವಾದ್ಯ ತಯಾರಿಸುವ ಅಮೆರಿಕದ ಗಿಬ್ಸನ್ ಕಂಪನಿಯಲ್ಲಿದ್ದ ಲಾಯ್ಡ್ ಲೋರ್ 1922ರಿಂದ 1924ರವರೆಗೆ ಸಹಿ ಹಾಕಿದ ಎಫ್-5 ಮ್ಯಾಂಡೊಲಿನ್‌ಗಳಲ್ಲಿ ಈ ಗೊಂದಲವೇ ಇಲ್ಲ. ವಾದ್ಯವನ್ನು ಪರೀಕ್ಷಿಸಿ, ಶ್ರುತಿ ನೋಡಿ, ಒಪ್ಪಿದ ದಿನ ಇದು ಎಂದು ಅವನ ಲೇಬಲ್ಲೇ ಹೇಳುತ್ತದೆ. ತಿಂಗಳು, ತಾರೀಖು ಸಮೇತ. ನೂರು ವರ್ಷ ಕಳೆದರೂ ಒಂದೇ ದಿನ ಸಹಿಯಾದ ಮ್ಯಾಂಡೊಲಿನ್‌ಗಳನ್ನು ಜೊತೆಗಿಟ್ಟು ಹೋಲಿಸಲು ಬರುವುದು ಆ ಒಂದು ಸಾಲಿನಿಂದ. ನೀವು ಬರೆಯುವ ತಾರೀಖು ಯಾವುದರ ತಾರೀಖು ಎಂದು ಒಂದು ಪದದಲ್ಲಿ ಹೇಳಿ: ‘ಮುಗಿದದ್ದು’, ‘ಮುಚ್ಚಿದ್ದು’, ‘ತಂತಿ ಏರಿಸಿದ್ದು’.

ನಂಬರಿನ ವಿಷಯದಲ್ಲಿ ಜನ ಜಾಣತನ ಮಾಡಲು ಹೋಗುತ್ತಾರೆ. 1ರಿಂದ ಶುರು ಮಾಡಿದರೆ ಹೊಸಬ ಅಂದುಕೊಳ್ಳುತ್ತಾರೆ ಎಂದು 101ರಿಂದ, 500ರಿಂದ ಶುರು ಮಾಡುತ್ತಾರೆ. ಗಿಟಾರ್ ಮಾಡುವ ಅಮೆರಿಕದ ಮಾರ್ಟಿನ್ ಕಂಪನಿ 1898ರಲ್ಲಿ ನಂಬರ್ ಹಾಕಲು ತೊಡಗಿದಾಗ 8000ದಿಂದ ಶುರು ಮಾಡಿದ್ದು ನಿಜ. ಆದರೆ ಅದು ಅಲ್ಲಿಯವರೆಗೆ ಸುಮಾರು ಅಷ್ಟು ವಾದ್ಯ ಮಾಡಿದ್ದೇವೆ ಎಂಬ ಅಂದಾಜಿನ ಮೇಲೆ. ನೀವು ಮಾಡಿದ್ದು ಮೂರಾದರೆ ಮುಂದಿನದು ನಾಲ್ಕು, ಅಲ್ವಾ? ಇಸವಿ ಸೇರಿಸಿ 2025-04 ಎಂದು ಬರೆಯುವುದು ನನಗೆ ಇಷ್ಟ. ಆ ವರ್ಷದ ನಾಲ್ಕನೆಯದು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ನಡುವೆ ಕೆಟ್ಟುಹೋಗಿ ಒಲೆಗೆ ಹಾಕಿದ ವಾದ್ಯದ ನಂಬರನ್ನು ಇನ್ನೊಂದಕ್ಕೆ ಕೊಡಬೇಡಿ. ಪುಸ್ತಕದಲ್ಲಿ ‘ಸುಟ್ಟೆ’ ಎಂದು ಬರೆದು ಮುಂದೆ ಹೋಗಿ. ಸ್ಪೇನಿನ ಗಿಟಾರ್ ತಯಾರಕ ಆಂಟೋನಿಯೊ ದೆ ಟೊರೆಸ್ ಕೆಲವು ವರ್ಷ ಕೆಲಸ ಬಿಟ್ಟಿದ್ದು, 1875ರಲ್ಲಿ ಮತ್ತೆ ಶುರು ಮಾಡಿದಾಗ ಲೇಬಲ್ ಮೇಲೆ ‘ಎರಡನೇ ಕಾಲ’ ಎಂದೇ ಅಚ್ಚು ಹಾಕಿಸಿದ. ಲೆಕ್ಕದಲ್ಲಿ ಬಿಡುವು ಬಂದರೆ ಹೀಗೆ ನೇರವಾಗಿ ಹೇಳಿಬಿಡಬಹುದು.

ಹಾಕಬಾರದ್ದು: ಫೋನ್ ನಂಬರು, ವೆಬ್ ವಿಳಾಸ, ಕ್ಯೂಆರ್ ಕೋಡ್. ಇವೆಲ್ಲ ಹತ್ತು ವರ್ಷದಲ್ಲಿ ಸಾಯುತ್ತವೆ. ಅಷ್ಟು ಬೇಕೆಂದರೆ ವಾದ್ಯದ ಜೊತೆ ಕೊಡುವ ಕಾರ್ಡಿನಲ್ಲಿ ಹಾಕಿ.

ಮರದ ಹೆಸರನ್ನು ಲೇಬಲ್ ಮೇಲೆ ತುಂಬಬೇಕಿಲ್ಲ. ಆದರೆ ಜೊತೆಗೆ ಕೊಡುವ ಪತ್ರದಲ್ಲಿ ಸಸ್ಯಶಾಸ್ತ್ರದ ಹೆಸರಿನೊಂದಿಗೆ ಇರಲೇಬೇಕು. ‘ರೋಸ್‌ವುಡ್’ ಅಂದರೆ ಸಾಲದು. ಬ್ರೆಜಿಲ್‌ನ ರೋಸ್‌ವುಡ್, ಅಂದರೆ ಡಾಲ್ಬರ್ಜಿಯಾ ನೈಗ್ರಾ, 1992ರಿಂದ ಸೈಟಿಸ್ (ಅಳಿವಿನಂಚಿನ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ) ಒಪ್ಪಂದದ ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿದೆ. ಬೀಟೆ, ಅಂದರೆ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ, ಎರಡನೇ ಪಟ್ಟಿಯಲ್ಲಿದೆ. 2017ರಲ್ಲಿ ಡಾಲ್ಬರ್ಜಿಯಾ ಕುಲವನ್ನೇ ಆ ಪಟ್ಟಿಗೆ ಸೇರಿಸಿದಾಗ ಗಡಿ ದಾಟುವ ಗಿಟಾರ್‌ಗಳಿಗೆಲ್ಲ ಕಾಗದಪತ್ರದ ಕಾಟ ಶುರುವಾಯಿತು. ಪೂರ್ತಿ ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಆದರೆ ಆ ವಿನಾಯಿತಿ ಮೊದಲ ಪಟ್ಟಿಯ ಮರಕ್ಕಿಲ್ಲ. ಎರಡೂ ಕಂದು, ಎರಡಕ್ಕೂ ಕರಿ ಗೆರೆ. ಗಡಿಯಲ್ಲಿ ನಿಂತ ಅಧಿಕಾರಿಗೆ ವ್ಯತ್ಯಾಸ ಹೇಳುವುದು ನೀವು ಬರೆದುಕೊಟ್ಟ ಆ ಎರಡು ಪದ.

ಕಾಗದ ಮತ್ತು ಶಾಯಿ

ಕಾಗದ ಹತ್ತಿಯ ನಾರಿನದಾಗಿರಲಿ, ಆಮ್ಲ ಇಲ್ಲದ್ದಾಗಿರಲಿ. ಚಿತ್ರಕಲೆ ಸಾಮಾನು ಮಾರುವ ಕಡೆ ಹೀಗೇ ಕೇಳಿದರೆ ಕೊಡುತ್ತಾರೆ. ತೀರಾ ದಪ್ಪ ಬೇಡ. ದಪ್ಪ ಕಾಗದದ ಅಂಚು ಏಳುತ್ತದೆ, ತೆಳುವಾದದ್ದು ಮರಕ್ಕೆ ಒರಗಿ ಕೂರುತ್ತದೆ. ಹಳೆಯದರ ಥರ ಕಾಣಲಿ ಎಂದು ಕಾಗದವನ್ನು ಚಹಾದಲ್ಲಿ ಅದ್ದುವವರಿದ್ದಾರೆ. ಹೊಸ ವಾದ್ಯಕ್ಕೆ ಹಳೆ ವೇಷ ಯಾಕೆ ಬೇಕೋ ನನಗೆ ತಿಳಿಯದು. ಚಹಾದಲ್ಲಿ ಆಮ್ಲವೂ ಇದೆ.

ಬರೆಯಲು ಇಂಗಾಲದ ಕಪ್ಪು ಶಾಯಿ, ಅಂದರೆ ಇಂಡಿಯನ್ ಇಂಕ್, ಅಥವಾ ಪಿಗ್ಮೆಂಟ್ ಶಾಯಿಯ, ಅಂದರೆ ಕರಗದ ಬಣ್ಣದ ಕಣಗಳಿರುವ ಶಾಯಿಯ, ಸಣ್ಣಮೊನೆ ಪೆನ್ನು. ಡೈ, ಅಂದರೆ ಕರಗುವ ಬಣ್ಣ, ಇರುವ ಶಾಯಿ ಬೆಳಕಿಗೆ ಮಾಸುತ್ತದೆ, ನೀರಿಗೆ ಒಸರುತ್ತದೆ. ಬಾಲ್‌ಪೆನ್ನೂ ಬೇಡ. ಹಳೇ ಕಾಲದ ಕಬ್ಬಿಣದ ಶಾಯಿ ನೋಡಲು ಗಂಭೀರವಾಗಿರುತ್ತದೆ, ಆದರೆ ಅದು ಕಾಲಕ್ರಮೇಣ ಕಾಗದವನ್ನೇ ತಿನ್ನುತ್ತದೆ. ಅಚ್ಚು ಹಾಕಿಸುವುದಾದರೆ ಮೊಳೆಯಚ್ಚು (ಲೋಹದ ಅಕ್ಷರ ಜೋಡಿಸಿ ಒತ್ತುವುದು) ಬಲು ಚೆಂದ. ಲೇಸರ್ ಪ್ರಿಂಟ್ ಆಗುತ್ತದೆ, ಆದರೆ ಮಡಚಿದ ಕಡೆ ಟೋನರ್ ಪುಡಿ ಉದುರುತ್ತದೆ. ಇಂಕ್‌ಜೆಟ್ ಬೇಕೇ ಬೇಕೆಂದರೆ ಪಿಗ್ಮೆಂಟ್ ಶಾಯಿಯದು ಮಾತ್ರ.

ಯಾವುದನ್ನೂ ಡಬ್ಬಿಯ ಮೇಲಿನ ಮಾತು ನಂಬಿ ಬಳಸಬೇಡಿ. ಒಂದು ಪಟ್ಟಿ ಕಾಗದದ ಮೇಲೆ ನಿಮ್ಮ ಪೆನ್ನು, ಪ್ರಿಂಟು ಎಲ್ಲದರ ಸಾಲು ಹಾಕಿ. ಅರ್ಧ ಭಾಗಕ್ಕೆ ರಟ್ಟು ಮುಚ್ಚಿ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ, ಎರಡು ತಿಂಗಳು ಬಿಡಿ. ಇನ್ನೊಂದು ಪಟ್ಟಿಯ ಹಿಂದೆ ನೀವು ಬಳಸುವ ಅಂಟನ್ನೇ ಸವರಿ ಮರದ ಚೂರಿಗೆ ಅಂಟಿಸಿ. ಮೊದಲನೆಯದು ಮಾಸುವುದನ್ನು ತೋರಿಸುತ್ತದೆ, ಎರಡನೆಯದು ಒಸರುವುದನ್ನು. ನನ್ನ ಮೊದಲ ಲೇಬಲ್‌ಗೆ ಇಷ್ಟು ಮಾಡಿದ್ದರೆ ಸಾಕಿತ್ತು.

ಎಲ್ಲಿ ಅಂಟಿಸಬೇಕು

ಗಿಟಾರ್‌ಗೆ: ಕಿಂಡಿಯ ನೇರ ಕೆಳಗೆ, ಬೆನ್ನಹಲಗೆಯ ಒಳಮೈಯಲ್ಲಿ, ಎರಡು ಅಡ್ಡಪಟ್ಟಿಗಳ ನಡುವೆ. ಗಿಟಾರನ್ನು ಕತ್ತು ಮೇಲಾಗಿ ನಿಲ್ಲಿಸಿದಾಗ ಅಕ್ಷರ ನೆಟ್ಟಗೆ ಕಾಣಬೇಕು. ಬೆನ್ನಹಲಗೆಯ ಎರಡು ತುಂಡು ಸೇರುವ ನಡುಗೆರೆಯ ಮೇಲೆ ಗಟ್ಟಿಯಾಗಿರಲೆಂದು ಒಂದು ಪಟ್ಟಿ ಅಂಟಿಸಿರುತ್ತಾರಲ್ಲ, ಲೇಬಲ್ ಅದರ ಮೇಲೆ ಹತ್ತಿ ಇಳಿದರೆ ನಡುವೆ ಉಬ್ಬಿ ಎರಡು ಕಡೆ ಪೊಳ್ಳಾಗುತ್ತದೆ. ಲೇಬಲ್ಲನ್ನು ಒಂದು ಪಕ್ಕಕ್ಕೆ ಸರಿಸಿ, ಇಲ್ಲವೇ ಆ ಪಟ್ಟಿಯೇ ಲೇಬಲ್‌ನ ಜಾಗದಲ್ಲಿ ಚಪ್ಪಟೆಯಾಗಿ ಅಗಲವಾಗಿರುವಂತೆ ಮೊದಲೇ ಯೋಚಿಸಿ.

ಪಿಟೀಲಿನ ಬಳಗಕ್ಕೆ: ಮುಂಭಾಗ ನಮ್ಮ ಕಡೆ, ಕತ್ತು ಮೇಲೆ ಇರುವಂತೆ ಹಿಡಿದರೆ ಎಡಗಡೆಯ ಎಫ್ ಕಿಂಡಿಯ ಕೆಳಗೆ. ಅದು ಮಂದ್ರದ ಕಡೆ. ಬಲಗಡೆ ಒಳಗೆ ಸೌಂಡ್‌ಪೋಸ್ಟ್, ಅಂದರೆ ಮೇಲ್ಹಲಗೆಗೂ ಬೆನ್ನಹಲಗೆಗೂ ನಡುವೆ ಇಡುವ ಕಡ್ಡಿ, ನಿಂತಿರುತ್ತದೆ. ಅದನ್ನು ನಿಲ್ಲಿಸಲು, ಸರಿಸಲು ಸಲಾಕೆ ಓಡಾಡುವುದು ಆ ಕಡೆಯಿಂದ. ಅಲ್ಲಿ ಲೇಬಲ್ ಇದ್ದರೆ ಗೀರಿ ಗೀರಿ ಹರಿದುಹೋದೀತು. ಸಾಲುಗಳು ಕಿಂಡಿಯ ಉದ್ದಕ್ಕೆ ಓಡಲಿ, ಓದಲು ಸುಲಭ.

ಎಷ್ಟು ದೊಡ್ಡದು ಎಂಬುದಕ್ಕೆ ಅಳತೆಗಿಂತ ಕಣ್ಣೇ ಮೇಲು. ಬಿಳಿ ಕಾಗದವನ್ನು ಅಂದಾಜಿನಲ್ಲಿ ಕತ್ತರಿಸಿ ಸುಮ್ನೆ ಒಳಗಿಡಿ, ಮೇಲ್ಹಲಗೆಯನ್ನು ಅಂಟಿಲ್ಲದೆ ಮೇಲಿಟ್ಟು ಕಿಂಡಿಯಿಂದ ನೋಡಿ. ಹೆಸರು ಮತ್ತು ನಂಬರ್ ಕುತ್ತಿಗೆ ತಿರುಚದೆ ಓದಲು ಬಂದರೆ ಸರಿ. ಈ ಪರೀಕ್ಷೆ ಮಾಡದೆ ಹೋದರೆ ಇಸವಿ ಮಾತ್ರ ಅಡ್ಡಪಟ್ಟಿಯ ಹಿಂದೆ ಅಡಗಿ ಕೂತಿರುತ್ತದೆ!

ಅಂಟಿಸುವ ಕೆಲಸ

ಅಂಟು ಬಿಡಿಸಲು ಬರುವಂಥದ್ದಾಗಿರಲಿ. ಮುಂದೊಂದು ದಿನ ಲೇಬಲ್ ಕೆಳಗೆ ಹಲಗೆ ಸೀಳಬಹುದು. ಆಗ ರಿಪೇರಿ ಮಾಡುವವರು ಒದ್ದೆ ಬಟ್ಟೆ ಇಟ್ಟು ಲೇಬಲ್ ಬಿಡಿಸಿ, ಸೀಳಿಗೆ ಅಂಟು ಹಾಕಿ, ಅದೇ ಲೇಬಲ್ಲನ್ನು ಅಲ್ಲಿಗೇ ಕೂರಿಸುವಂತಿರಬೇಕು. ಗೋಧಿ ಪಿಷ್ಟದ ಗಂಜಿ ಅಂಟು, ಇಲ್ಲವೇ ಪ್ರಾಣಿ ಚರ್ಮದಿಂದ ತೆಗೆದ ಬಿಸಿ ಅಂಟು ಇದಕ್ಕೆ ಸರಿ. ಬಿಳಿ ಫೆವಿಕಾಲ್ ಥರದ್ದು ಒಣಗಿದ ಮೇಲೆ ಇಷ್ಟು ಸುಲಭವಾಗಿ ಬಿಡುವುದಿಲ್ಲ. ಹಿಂದೆ ಗೋಂದು ಇರುವ ರೆಡಿಮೇಡ್ ಸ್ಟಿಕ್ಕರನ್ನಂತೂ ಮುಟ್ಟಬೇಡಿ. ಅದರ ಗೋಂದು ವರ್ಷ ಕಳೆದಂತೆ ಹಳದಿಯಾಗಿ, ಒಣಗಿ ಬಿಡುತ್ತದೆ. ಸ್ಟಿಕ್ಕರ್ ಒಳಗೇ ಕಳಚಿ ಬಿದ್ದು, ನುಡಿಸಿದಾಗಲೆಲ್ಲ ಜಿರ್ ಎನ್ನುತ್ತದೆ. ಆ ಸದ್ದು ಎಲ್ಲಿಂದ ಬರುತ್ತಿದೆ ಎಂದು ಒಮ್ಮೆ ಅರ್ಧ ದಿನ ಹುಡುಕಿದ್ದೇನೆ.

ಗಂಜಿ ಅಂಟಿಗೆ ಒಂದು ಪಾಲು ಪಿಷ್ಟ, ನಾಲ್ಕೈದು ಪಾಲು ನೀರು. ಮೊದಲು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ತಿರುವುತ್ತಾ ಇರಿ. ಹಾಲಿನಂತಿದ್ದದ್ದು ದಪ್ಪಗಾಗಿ, ಆಮೇಲೆ ಅರೆಪಾರದರ್ಶಕವಾಗುತ್ತದೆ. ಆರಿಸಿ, ಬಟ್ಟೆಯಲ್ಲಿ ಸೋಸಿ. ಎರಡು ಮೂರು ದಿನಕ್ಕೆ ಹುಳಿ ವಾಸನೆ ಬರುತ್ತದೆ, ಆಗ ಚೆಲ್ಲಿಬಿಡಿ.

ಅಂಟಿಸುವ ಮೊದಲು ಕಾಗದದ ನಾರು ಯಾವ ಕಡೆ ಓಡಿದೆ ನೋಡಿ. ಇದನ್ನು ನನಗೆ ಪುಸ್ತಕ ಬೈಂಡಿಂಗ್ ಮಾಡುವವರೊಬ್ಬರು ತೋರಿಸಿಕೊಟ್ಟರು. ಅದೇ ಕಾಗದದ ಒಂದು ಚೌಕ ತುಂಡಿನ ಒಂದು ಬದಿಗೆ ಮಾತ್ರ ನೀರು ಸವರಿ ಅಂಗೈ ಮೇಲಿಡಿ. ಕ್ಷಣದಲ್ಲಿ ಅದು ಕೊಳವೆಯ ಹಾಗೆ ಸುರುಳಿ ಸುತ್ತಿಕೊಳ್ಳುತ್ತದೆ. ಆ ಕೊಳವೆಯ ಉದ್ದವೇ ನಾರಿನ ದಿಕ್ಕು. ಕಾಗದವೂ ಮರವೂ ಹಿಗ್ಗುವುದು ನಾರಿನ ಅಡ್ಡಕ್ಕೆ. ಎರಡರ ನಾರೂ ಒಂದೇ ದಿಕ್ಕಿಗಿದ್ದರೆ ಮಳೆಗಾಲಕ್ಕೆ ಒಟ್ಟಿಗೆ ಹಿಗ್ಗಿ ಬೇಸಗೆಗೆ ಒಟ್ಟಿಗೆ ಕುಗ್ಗುತ್ತವೆ. ಅಡ್ಡಾದಿಡ್ಡಿ ಇದ್ದರೆ ಮೂಲೆ ಏಳುತ್ತದೆ.

ಇನ್ನು ಕ್ರಮ ಹೀಗೆ:

1. ಲೇಬಲ್ ಬರೆದು, ಶಾಯಿ ಒಂದು ದಿನ ಪೂರ್ತಿ ಒಣಗಲಿ. ಫೋಟೊ ತೆಗೆದುಕೊಳ್ಳಿ.

2. ಅಂಟಿಸುವ ಜಾಗವನ್ನು 220 ನಂಬರಿನ ಉಪ್ಪುಕಾಗದದಿಂದ ಎರಡು ಸಲ ಸವರಿ ಧೂಳು ತೆಗೆಯಿರಿ. ಬೀಟೆಯಂಥ ಎಣ್ಣೆ ಮರವಾದರೆ ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ, ಆರಲು ಬಿಡಿ.

3. ನಾಲ್ಕು ಮೂಲೆಯ ಜಾಗಕ್ಕೆ ಪೆನ್ಸಿಲಿನಲ್ಲಿ ಚಿಕ್ಕ ಚುಕ್ಕಿ ಇಡಿ.

4. ಲೇಬಲ್ಲನ್ನು ಬೋರಲು ಹಾಕಿ, ನಡುವಿನಿಂದ ಅಂಚಿನ ಕಡೆಗೆ ಬ್ರಷ್ಷಿನಿಂದ ತೆಳುವಾಗಿ ಅಂಟು ಸವರಿ. ಒಂದು ನಿಮಿಷ ಸುಮ್ಮನೆ ಬಿಡಿ. ಕಾಗದ ಮೊದಲು ಸುರುಳಿಯಾಗಿ, ಆಮೇಲೆ ತಾನೇ ಮೆತ್ತಗೆ ಮಲಗುತ್ತದೆ. ಮಲಗಿದ ಮೇಲೆ ಮತ್ತೊಮ್ಮೆ ತೆಳುವಾಗಿ ಸವರಿ. ಅವಸರ ಮಾಡಿದರೆ ಹಿಗ್ಗುವುದು ಮರದ ಮೇಲೇ ನಡೆದು ಗುಳ್ಳೆ ಬರುತ್ತದೆ. ಬಿಸಿ ಅಂಟಾದರೆ ಇಷ್ಟು ಹೊತ್ತು ಕಾಯಲಾಗದು, ಅದು ಗಟ್ಟಿಯಾಗಿಬಿಡುತ್ತದೆ. ಹೊಸಬರಿಗೆ ಗಂಜಿಯೇ ವಾಸಿ.

5. ಒಂದು ಅಂಚನ್ನು ಚುಕ್ಕಿಗೆ ಕೂರಿಸಿ, ಉಳಿದದ್ದನ್ನು ನಿಧಾನಕ್ಕೆ ಇಳಿಸಿ. ಮೇಲೆ ಒಣ ಕಾಗದ ಇಟ್ಟು ನಡುವಿನಿಂದ ಹೊರಕ್ಕೆ ಬೆರಳಲ್ಲಿ ಒತ್ತಿ. ಲೇಬಲ್ಲನ್ನೇ ನೇರವಾಗಿ ಉಜ್ಜಬೇಡಿ.

6. ಅಂಚಲ್ಲಿ ಹೊರಬಂದ ಅಂಟನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಿರಿ. ಮೇಲೆ ಬೆಣ್ಣೆಕಾಗದ, ಅದರ ಮೇಲೆ ಮೆತ್ತನೆ ಬಟ್ಟೆ, ಅದರ ಮೇಲೆ ಹಗುರವಾದ ತೂಕ. ರಾತ್ರಿಯಿಡೀ ಇರಲಿ.

ಬೆಳಿಗ್ಗೆ ಉಗುರಿನಿಂದ ಲೇಬಲ್ ಮೇಲೆ ಮೆಲ್ಲಗೆ ತಟ್ಟಿ ಕೇಳಿ. ಎಲ್ಲ ಕಡೆ ಒಂದೇ ಸದ್ದು ಬರಬೇಕು. ಪೊಳ್ಳು ಸದ್ದು ಬಂದ ಕಡೆ ಅಂಟು ಹಿಡಿದಿಲ್ಲ. ಪೆಟ್ಟಿಗೆ ಮುಚ್ಚುವ ಮುಂಚೆ ಇದನ್ನು ಸರಿಪಡಿಸುವುದು ಐದು ನಿಮಿಷದ ಕೆಲಸ.

ಯಾರಿಗೂ ಕಾಣದ ಸಹಿ

ಲೇಬಲ್ ಕೀಳಬಹುದು, ಬದಲಿಸಬಹುದು. ಅದಕ್ಕೇ ಎರಡನೇ ಸಹಿಯೊಂದು ಮರದ ಮೇಲೇ ಇರಲಿ. ಮೇಲ್ಹಲಗೆಯ ಒಳಮೈಯಲ್ಲಿ, ಕಿಂಡಿಯಿಂದ ನೇರವಾಗಿ ಕಾಣದ ಕಡೆ, ಸಾದಾ ಪೆನ್ಸಿಲಿನಲ್ಲಿ ಹೆಸರು, ತಾರೀಖು, ನಂಬರ್ ಬರೆಯಿರಿ. ಪೆನ್ಸಿಲ್ಲೇ ಯಾಕೆಂದರೆ ಗ್ರಾಫೈಟ್ ಮಾಸುವುದಿಲ್ಲ, ಮರದೊಳಕ್ಕೆ ಇಳಿದು ಹರಡುವುದೂ ಇಲ್ಲ. ಶಾಯಿ ಮೆತ್ತನೆ ಮರದ ನಾರಿನಲ್ಲಿ ಓಡಿ ಅಕ್ಷರಕ್ಕೆ ಮೀಸೆ ಬರಿಸುತ್ತದೆ. ಜೋರಾಗಿ ಒತ್ತಬೇಡಿ, ತೆಳು ಹಲಗೆ. ಪುಟ್ಟ ಕನ್ನಡಿ ಒಳಗಿಟ್ಟರೆ ಮುಂದೆ ಓದಬಹುದು.

ಕಿಂಡಿಯೇ ಇಲ್ಲದ ಎಲೆಕ್ಟ್ರಿಕ್ ಗಿಟಾರ್‌ಗೂ ಇದೇ ಉಪಾಯ. 1950ರ ದಶಕದ ಫೆಂಡರ್ ಗಿಟಾರ್‌ಗಳ ಕತ್ತನ್ನು ಬಿಚ್ಚಿದರೆ ಬುಡದಲ್ಲಿ ಕೆಲಸಗಾರರು ಪೆನ್ಸಿಲಿನಲ್ಲಿ ಬರೆದ ತಾರೀಖು ಸಿಗುತ್ತದೆ. ಇವತ್ತು ಅವುಗಳ ಕಾಲ ಹೇಳುವುದಕ್ಕೆ ಸಂಗ್ರಹಕಾರರು ಮೊದಲು ನೋಡುವ ಜಾಗಗಳಲ್ಲಿ ಅದೂ ಒಂದು. ಕತ್ತು ಮತ್ತು ಮೈ ಬೇರೆಬೇರೆ ಬಿಚ್ಚುವ ವಾದ್ಯವಾದರೆ ಎರಡರ ಮೇಲೂ ನಂಬರ್ ಬರೆಯಿರಿ.

ಮರದ ವಯಸ್ಸನ್ನು ಉಂಗುರ ನೋಡಿ ಹೇಳಬಹುದಲ್ಲ ಎನ್ನಬಹುದು. ಹೇಳಬಹುದು, ಮೇಲ್ಹಲಗೆಗೆ ಬಳಸುವ ಸ್ಪ್ರೂಸ್ ಮರದಲ್ಲಿ ಚೆನ್ನಾಗಿಯೇ. ಆದರೆ ಕೊನೆಯ ಉಂಗುರ ಹೇಳುವುದು ‘ಈ ವರ್ಷಕ್ಕಿಂತ ಮುಂಚೆ ಮಾಡಿರಲಾರರು’ ಎಂದು ಮಾತ್ರ. ಯಾವಾಗ ಮಾಡಿದರು, ಯಾರು ಮಾಡಿದರು ಎಂದು ಅದು ಹೇಳುವುದಿಲ್ಲ.

ಕೊಳಲು, ಬೋ, ಚರ್ಮವಾದ್ಯ, ಹಿತ್ತಾಳೆ

ಕಾಗದ ಅಂಟಿಸಲಾಗದ ಕಡೆ ಕಾದ ಮುದ್ರೆಯೇ ಗತಿ. ಮರದ ಕೊಳಲು ಎರಡು ಮೂರು ತುಂಡಾಗಿ ಬಿಚ್ಚುವಂಥದ್ದಾದರೆ ಒಂದೊಂದು ತುಂಡಿಗೂ ಮುದ್ರೆ ಹಾಕಿ. ಯೂರೋಪಿನ 18ನೇ ಶತಮಾನದ ಕೊಳಲು ತಯಾರಕರು ಹೀಗೇ ಮಾಡುತ್ತಿದ್ದರು. ತುಂಡುಗಳು ಅದಲುಬದಲಾದರೆ ಗೊತ್ತಾಗಬೇಕಲ್ಲ. ಬಿದಿರಾದರೆ ಊದುವ ರಂಧ್ರದಿಂದ, ಬೆರಳಿನ ರಂಧ್ರಗಳಿಂದ ದೂರವಿಡಿ. ಬಿದಿರಿನ ತೊಗಟೆ ಶಾಖಕ್ಕೆ ಸೀಳುವುದುಂಟು, ಹಾಗಾಗಿ ದೊಡ್ಡ ಮುದ್ರೆಗಿಂತ ಬಿಸಿ ಮೊನೆಯ ಪೆನ್ನಿನಿಂದ ಬರೆಯುವುದು ಕ್ಷೇಮ. ಪಿಟೀಲಿನ ಬೋಗೆ ರೂಢಿಯ ಜಾಗ ಫ್ರಾಗ್ (ಕೈ ಹಿಡಿಯುವ ತುದಿಯಲ್ಲಿ ಕೂದಲನ್ನು ಹಿಡಿದಿಡುವ ತುಂಡು) ಮೇಲ್ಗಡೆಯ ಕಡ್ಡಿ. ಅಲ್ಲಿ ಅಕ್ಷರ ತೀರಾ ಸಣ್ಣದು, ಒತ್ತಡ ತೀರಾ ಕಮ್ಮಿ.

ಮುದ್ರೆ ಮಾಡಿಸುವಾಗ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು ಎಂದು ಬಾಯಲ್ಲಿ ಹೇಳಿ ಬರಬೇಡಿ, ಚಿತ್ರ ಬರೆದು ಕೊಡಿ. ಕನ್ನಡ ಅಕ್ಷರವಾದರೆ ಒತ್ತು, ದೀರ್ಘಗಳು ಒಂದಕ್ಕೊಂದು ಅಂಟದಷ್ಟು ಅಗಲ ಬಿಡಿಸಿ. ಇಲ್ಲದಿದ್ದರೆ ಸುಟ್ಟಾಗ ಎಲ್ಲ ಸೇರಿ ಕಪ್ಪು ಚುಕ್ಕೆ. ಅದೇ ಮರದ ಚೂರಿನ ಮೇಲೆ ಐದಾರು ಸಲ ಒತ್ತಿ ನೋಡಿ. ತೀರಾ ಕಾದಿದ್ದರೆ ಸುತ್ತ ಕಂದು ಹೊಗೆ ಹರಡುತ್ತದೆ, ಕಾದದ್ದು ಸಾಲದಿದ್ದರೆ ಅರ್ಧಂಬರ್ಧ ಬರುತ್ತದೆ, ಎರಡನೇ ಸಲ ಅದೇ ಜಾಗಕ್ಕೆ ಒತ್ತಲು ಬರುವುದಿಲ್ಲ. ಸ್ಪ್ರೂಸ್‌ನಂಥ ಮರದಲ್ಲಿ ಮೆತ್ತನೆ ಗೆರೆ ಬೇಗ ಸುಟ್ಟು ಗಟ್ಟಿ ಗೆರೆ ಹಾಗೇ ಉಳಿಯುತ್ತದೆ, ಅಕ್ಷರ ಪಟ್ಟೆಪಟ್ಟೆ. ಅಲ್ಲಿ ಮುದ್ರೆ ಬಿಟ್ಟು ಒಳಗಿನ ಗಟ್ಟಿಮರದ ತುಂಡಿಗೆ ಹಾಕಿ.

ಚರ್ಮವಾದ್ಯಕ್ಕೆ ಹೊದಿಕೆ ಕಟ್ಟುವ ಮೊದಲು ಕಳಸಿಗೆಯ, ಅಂದರೆ ಮರದ ಪೊಳ್ಳು ಮೈಯ, ಒಳಗೋಡೆಗೆ. ಹಿತ್ತಾಳೆಗೆ ಕೊರೆತ ಅಥವಾ ಪಂಚ್, ಪಾಲಿಶ್ ಮತ್ತು ಲ್ಯಾಕರ್ ಮಾಡುವ ಮುಂಚೆ. ಕೊಳವೆಯೊಳಗೆ ಬಿಗಿಯಾಗಿ ಕೂರುವ ಗಟ್ಟಿ ಆಧಾರ ಇಟ್ಟೇ ಪಂಚ್ ಹೊಡೆಯಬೇಕು, ಇಲ್ಲದಿದ್ದರೆ ತಗ್ಗು ಬೀಳುತ್ತದೆ.

ಹೆಡ್‌ಸ್ಟಾಕ್ (ಕತ್ತಿನ ತುದಿಯ ತಲೆ) ಮೇಲಿನ ಲೋಗೊ ಬಗ್ಗೆ ಎರಡೇ ಮಾತು. ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸುವ ತೆಳು ಚಿತ್ರ, ಅಂದರೆ ಡೆಕಾಲ್, ಬಳಸಿದರೆ ಕೆಳಗೆ ಎರಡು ಕೋಟ್ ಲ್ಯಾಕರ್ ಇರಲಿ, ಮೇಲೆ ಅಂಚು ಮುಳುಗುವಷ್ಟು. ಕಪ್ಪೆಚಿಪ್ಪು ಕೂರಿಸುವುದಾದರೆ ಗರಗಸಕ್ಕೆ ನೀರು ಹನಿಸುತ್ತಾ, ಮಾಸ್ಕ್ ಹಾಕಿಕೊಂಡು ಕೊಯ್ಯಿರಿ. ಆ ಪುಡಿ ಪುಪ್ಪುಸಕ್ಕೆ ಒಳ್ಳೆಯದಲ್ಲ.

ಪುಸ್ತಕ

ವಾದ್ಯದೊಳಗೆ ನಂಬರ್ ಇದ್ದು, ಅದರ ಅರ್ಥ ಎಲ್ಲೂ ಇಲ್ಲದಿದ್ದರೆ ಏನು ಉಪಯೋಗ? ಗಟ್ಟಿ ರಟ್ಟಿನ ಒಂದು ನೋಟ್‌ಬುಕ್ ಇಡಿ. ಒಂದು ವಾದ್ಯಕ್ಕೆ ಎರಡು ಪುಟ. ನಂಬರ್, ಮರಗಳು, ಅವು ಎಲ್ಲಿಂದ ಬಂದವು, ಹಲಗೆಯ ದಪ್ಪ, ಯಾವ ಅಂಟು ಎಲ್ಲಿ, ಯಾವ ವಾರ್ನಿಷ್, ತಂತಿಯ ಉದ್ದ, ಮುಗಿದ ದಿನ. ಲೇಬಲ್‌ನ ಫೋಟೊ ಮತ್ತು ಒಳಗಿನ ಪೆನ್ಸಿಲ್ ಸಹಿಯ ಫೋಟೊ ಪ್ರಿಂಟ್ ಹಾಕಿಸಿ ಅಂಟಿಸಿ. ಅಚ್ಚಿನಲ್ಲಿ ಜಾಸ್ತಿ ಉಳಿದ ಲೇಬಲ್‌ಗಳನ್ನು ಬೀಗದಲ್ಲಿಡಿ. ಖಾಲಿ ಲೇಬಲ್ ಕೈತಪ್ಪಿದರೆ ನೀವು ಮಾಡದ ವಾದ್ಯವೊಂದು ನಿಮ್ಮ ಹೆಸರಲ್ಲಿ ಹುಟ್ಟಬಹುದು.

ಜೊತೆಗೆ ಕೆಲಸ ಮಾಡಿದವರಿದ್ದರೆ ಅವರ ಹೆಸರೂ ಬರಲಿ. ಕಲಿಯುತ್ತಿರುವ ಹುಡುಗಿ ಮೇಲ್ಹಲಗೆ ತಿದ್ದಿದ್ದರೆ ಅದರ ಒಳಮೈಯಲ್ಲಿ ಅವಳ ಸಹಿಯೂ ಇರಬೇಕು. ಕಿಟ್ ತಂದು ಜೋಡಿಸಿದ್ದಾದರೆ ‘ಜೋಡಿಸಿದವರು’ ಎಂದೇ ಬರೆಯಿರಿ. ಅದರಲ್ಲಿ ಅವಮಾನವೇನಿಲ್ಲ.

ಬೇರೆಯವರ ವಾದ್ಯ ಕೈಗೆ ಬಂದಾಗ

ಅವರ ಲೇಬಲ್ ಮುಟ್ಟಬೇಡಿ, ಅದು ಸುಳ್ಳು ಎಂದು ನಿಮಗೆ ಖಾತ್ರಿಯಿದ್ದರೂ. ಸುಳ್ಳು ಲೇಬಲ್ ಕೂಡ ಆ ವಾದ್ಯದ ಕಥೆಯ ಭಾಗ. ನೀವು ಮಾಡಿದ ಕೆಲಸವನ್ನು ಬೇರೆ ಜಾಗದಲ್ಲಿ ಚಿಕ್ಕದಾಗಿ ಬರೆಯಿರಿ: ‘ಒಳಪಟ್ಟಿ ಬದಲಿಸಿದ್ದು’, ಹೆಸರು, ತಿಂಗಳು, ಇಸವಿ. ರಿಪೇರಿಗಾಗಿ ಲೇಬಲ್ ಬಿಡಿಸಲೇಬೇಕಾದರೆ ಮೊದಲು ಫೋಟೊ, ಆಮೇಲೆ ಕೆಲಸ, ಕೊನೆಗೆ ಅದೇ ಜಾಗಕ್ಕೆ ವಾಪಸ್.

ಪಿಟೀಲು ಮುಚ್ಚಿಯಾದ ಮೇಲೆ ಲೇಬಲ್ ಮರೆತದ್ದು ನೆನಪಾಗುವುದೂ ಉಂಟು. ತೆಳು ಕಾಗದ ತೆಗೆದುಕೊಂಡು, ಬಗ್ಗಿದ ಉದ್ದನೆಯ ಚಿಮಟದಲ್ಲಿ ಹಿಡಿದು, ಅಂಟಿಲ್ಲದೆ ಮೂರು ಸಲ ಎಫ್ ಕಿಂಡಿಯಿಂದ ಒಳಗಿಟ್ಟು ತೆಗೆದು ಅಭ್ಯಾಸ ಮಾಡಿ. ನಾಲ್ಕನೇ ಸಲ ಅಂಟಿನೊಂದಿಗೆ. ತಂತಿಯ ತುದಿಗೆ ಹತ್ತಿ ಸುತ್ತಿ ಬಗ್ಗಿಸಿಟ್ಟುಕೊಂಡರೆ ಒತ್ತಲು ಅನುಕೂಲ. ಕಿಂಡಿಯ ಅಂಚಿಗೆ ಅಂಟು ತಾಗದಂತೆ ನೋಡಿಕೊಳ್ಳಿ.

ನನ್ನ ಮೊದಲ ಗಿಟಾರ್‌ಗೆ ಬರೋಣ. ಅದರ ಮಾಸಿದ ಲೇಬಲ್ಲನ್ನು ಕೀಳಲಿಲ್ಲ. ಕೊಂಡವರ ಹತ್ತಿರ ಹಳೆಯ ರಸೀದಿ ಇತ್ತು, ಅದರಿಂದ ಇಸವಿ ಸಿಕ್ಕಿತು. ಲೇಬಲ್ ಪಕ್ಕದಲ್ಲೇ ಬೆರಳುದ್ದದ ಹೊಸ ಚೀಟಿ ಅಂಟಿಸಿ, ಇಂಡಿಯನ್ ಇಂಕಿನಲ್ಲಿ ನಂಬರ್ 1, ಆ ಇಸವಿ, ಕೆಳಗೆ ‘ಮಾಡಿದವನೇ ಮತ್ತೆ ಬರೆದದ್ದು’ ಎಂದು ಬರೆದು ಅವತ್ತಿನ ತಾರೀಖು ಹಾಕಿದೆ.